ರಹದಾರಿ ಕಾಗದವೂ ಅಡಿಕೆಯ ಧಾರಣೆಯೂ

ಪುತ್ತೂರು, ಸುಳ್ಯ ಕಡೆಯ ಒಣ ಅಡಿಕೆ ಹೇರಿಕೊಂಡ ಲಾರಿ ಮಡಿಕೇರಿ, ಮೈಸೂರು ದಾಟಿ ಕೆಂಗೇರಿ ತಲಪುವಾಗ ಚಾಲಕನ ಬಳಿ ಮಾಲಿನ ಬಿಲ್ಲೂ ಇ-ವೇ ಬಿಲ್ಲೂ ಇರಬೇಕೆಂಬುದು ನಮ್ಮ ಸದಸ್ಯ ಬಾಂಧವರಿಗೆ ತಿಳಿದ ವಿಷಯವೇ. ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇದು ಕಡ್ಡಾಯ. ಕಳಿಸಿದವರು ಯಾರು, ಪಡೆಯುವವರು ಯಾರು, ಲಾರಿಯ ನಂಬರೇನು ಎಂಬುದೆಲ್ಲ ಅದರಲ್ಲಿರುತ್ತದೆ. ದಿನಕ್ಕೆ 200 ಕಿಲೋಮೀಟರಿನ ಲೆಕ್ಕದಲ್ಲಿ ವಾಯಿದೆಯೂ ಉಂಟು. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ವ್ಯಾಪಾರಿಯ ಗೋದಾಮಿಗೆ ಮಾಲು ಇಳಿದರೆ ದಾರಿಯ ಕಾಗದದ ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ನಮ್ಮ ದೇಶದ ರಸ್ತೆಯಲ್ಲೇ ಓಡಿಯೂ ನಮ್ಮ ದೇಶದಲ್ಲಿ ಇಳಿಯಬಾರದ ಅಡಿಕೆಯೊಂದಿದೆ. ಅದರ ಕಾಗದವೇ ಬೇರೆ. ಆ ಕಾಗದದಲ್ಲಿ ಲೋಪವಾದರೆ ಪೆಟ್ಟು ತಿನ್ನುವುದು ನಮ್ಮ ಧಾರಣೆ. ಆದ್ದರಿಂದ ತೋಟದಲ್ಲಿರುವ ನಾವೂ ಅದನ್ನು ಅರಿತಿರುವುದು ಅಗತ್ಯ.

ನೇಪಾಳಕ್ಕೆ ಸಮುದ್ರವಿಲ್ಲ. ಹಡಗಿನಲ್ಲಿ ಬರುವ ಅದರ ಮಾಲು ಹೆಚ್ಚಾಗಿ ಕಲ್ಕತ್ತಾ, ಹಲ್ದಿಯಾ ಬಂದರುಗಳಲ್ಲಿ ಇಳಿಯುತ್ತದೆ. 2016ರಲ್ಲಿ ವಿಶಾಖಪಟ್ಟಣವೂ ಸೇರಿತು. 1978ರಲ್ಲಿ ಭಾರತ ಮತ್ತು ನೇಪಾಳ ವ್ಯಾಪಾರಕ್ಕೊಂದು, ಸಾಗಣೆಗೊಂದು ಎಂದು ಪ್ರತ್ಯೇಕ ಒಪ್ಪಂದಗಳನ್ನು ಮಾಡಿಕೊಂಡವು. ಅನಧಿಕೃತ ವ್ಯಾಪಾರ ತಡೆಯಲು ಅಂದೇ ಮೂರನೆಯದೂ ಆಯಿತು. ಅಂದರೆ ಈ ಭಯ ಹೊಸದಲ್ಲ. 1989ರಲ್ಲಿ ಒಪ್ಪಂದಗಳ ಅವಧಿ ತೀರಿ ಗಡಿಯ ಬಹುತೇಕ ದ್ವಾರಗಳು ಮುಚ್ಚಿದಾಗ ನೇಪಾಳ ಬಹಳ ಕಷ್ಟಪಟ್ಟಿತು. ಸಾಗಣೆ ಒಪ್ಪಂದ ಕೊನೆಯ ಸಲ ನವೀಕರಣವಾದದ್ದು 2023ರ ಜೂನ್ 1ರಂದು.

ಈ ಒಪ್ಪಂದದಂತೆ ಹಾದುಹೋಗುವ ಮಾಲಿಗೆ ನಮ್ಮಲ್ಲಿ ಸುಂಕವಿಲ್ಲ. ಸುಂಕದ ಬದಲು ಕಾಗದವಿದೆ. ಅದಕ್ಕೆ ಕಸ್ಟಮ್ಸ್ ಟ್ರಾನ್ಸಿಟ್ ಡಿಕ್ಲರೇಷನ್ ಎಂದು ಹೆಸರು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ರಹದಾರಿ. ಮಾಲು ಯಾವುದು, ತೂಕವೆಷ್ಟು, ಬೆಲೆಯೆಷ್ಟು, ಯಾವ ದಾರಿಯಿಂದ ಯಾವ ಗಡಿಗೆ ಹೋಗುತ್ತದೆ ಎಂಬುದನ್ನೆಲ್ಲ ಹಲವು ಪ್ರತಿಗಳಲ್ಲಿ ಬರೆದು ಬಂದರಿನಲ್ಲಿ ಸಲ್ಲಿಸಬೇಕು. ಕಂಟೇನರಿಗೆ ಮುದ್ರೆ ಬೀಳುತ್ತದೆ. ನಡುದಾರಿಯಲ್ಲಿ ಮಾಲು ಮಾಯವಾದರೆ ಸುಂಕ ನಷ್ಟವಾಗದಿರಲೆಂದು ವಿಮೆ, ಮುಚ್ಚಳಿಕೆಗಳ ಏರ್ಪಾಡೂ ಉಂಟು. ರಕ್ಸೌಲಿನಂಥ ಗಡಿ ಠಾಣೆಯಲ್ಲಿ ನಮ್ಮವರು ಮುದ್ರೆ ಒಡೆದಿಲ್ಲವೆಂದು ನೋಡಿ ಷರಾ ಬರೆಯಬೇಕು, ಆಚೆಯ ಬೀರಗಂಜಿನವರು ಮಾಲು ಮುಟ್ಟಿತೆಂದು ಹೇಳಬೇಕು. ಷರಾ ಬಿದ್ದ ಪ್ರತಿ ಬಂದರಿಗೆ ಹಿಂದಿರುಗಿ ಮೂಲಪ್ರತಿಯೊಡನೆ ತಾಳೆಯಾದ ಮೇಲೆಯೇ ಲೆಕ್ಕ ತೀರುವುದು. ಈಚೆಗೆ ಇಲೆಕ್ಟ್ರಾನಿಕ್ ಮುದ್ರೆಯೂ ಬಂದಿದೆ. ಕಂಟೇನರು ಎಲ್ಲಿ ನಿಂತಿತು, ಬಾಗಿಲು ಎಲ್ಲಿ ತೆರೆಯಿತು ಎಂಬುದನ್ನು ಅದು ತೋರಿಸುತ್ತದೆ.

ಇಷ್ಟೊಂದು ಕಟ್ಟುನಿಟ್ಟು ಏಕೆ? ಲೆಕ್ಕ ಹಾಕಿ ನೋಡೋಣ. ನೇರ ಆಮದಿನ ಅಡಿಕೆಗೆ ಮೂಲ ಸುಂಕವೇ ಶೇಕಡಾ 100. ಕಿಲೋಗೆ 251 ರೂಪಾಯಿ ಇದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಲಾಯಿತು. 351ರ ಮಾಲಿಗೆ ಅಷ್ಟೇ ಸುಂಕ ಕೂಡಿದರೆ 702 ಆಯಿತು. ಉಳಿದ ತೆರಿಗೆ ಬೇರೆ. ಹೊರದೇಶದ ಅಗ್ಗದ ಅಡಿಕೆ ಸುಂಕವಿಲ್ಲದೆ ಒಳಗೆ ಇಳಿದುಬಿಟ್ಟರೆ ಎಷ್ಟು ಲಾಭವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ನಡುದಾರಿಯಲ್ಲಿ ಇಳಿದ ಮಾಲನ್ನು ರಹದಾರಿ ಹಿಡಿದುಕೊಡಬಹುದು. ಕ್ರಮವಾಗಿ ಗಡಿ ದಾಟಿ, ಷರಾ ಬಿದ್ದು, ಆಮೇಲೆ ಚೀಲಚೀಲವಾಗಿ ಕಾಲುದಾರಿಯಲ್ಲಿ ಹಿಂದೆ ಬಂದ ಮಾಲಿನ ವಿಷಯದಲ್ಲಿ ಅದು ಮೂಕ. ಎರಡೂ ದೇಶದ ಜನ ಪಾಸ್‌ಪೋರ್ಟಿಲ್ಲದೆ ಓಡಾಡುವ ಗಡಿ ಅದು. ನೇಪಾಳ ಸರ್ಕಾರವೇ 2020ರಲ್ಲಿ ಅಡಿಕೆ, ಕರಿಮೆಣಸುಗಳ ಆಮದನ್ನು ತಡೆದದ್ದುಂಟು. ನಮ್ಮ ಮನವಿಗಳಲ್ಲಿ ಈ ಎರಡು ದಾರಿಗಳನ್ನೂ ಬೇರೆ ಬೇರೆಯಾಗಿ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದಕ್ಕೆ ಮದ್ದು ಬಂದರಿನಲ್ಲಿದೆ, ಎರಡನೆಯದಕ್ಕೆ ಗಡಿಯ ಕಾವಲಿನಲ್ಲಿ. ಭೂತಾನದ ಮಾತು ಬೇರೆ. ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು 2022ರಲ್ಲಿ ಕೇಂದ್ರವೇ ಅನುಮತಿ ಕೊಟ್ಟಿತು. ಅದನ್ನು ಆಕ್ಷೇಪಿಸಬಹುದು, ಕಳ್ಳಮಾಲೆನ್ನಲಾಗದು.

ಕಾಫಿ ತೋಟದ ನಡುವೆ ಮೆಣಸಿನ ಬಳ್ಳಿ ಹಬ್ಬಿಸಿದವರಿಗೆ ಮತ್ತೊಂದು ಕಾಗದದ ಪರಿಚಯ ಬೇಕು: ಮೂಲ ದೇಶದ ಪ್ರಮಾಣಪತ್ರ. 1998ರಲ್ಲಿ ಸಹಿಯಾಗಿ 2000ದ ಮಾರ್ಚಿನಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಕರಿಮೆಣಸಿಗೆ ಸುಂಕವಿಲ್ಲ. ಆದರೆ ಅದು ಶ್ರೀಲಂಕೆಯಲ್ಲೇ ಬೆಳೆದದ್ದಾಗಿರಬೇಕು. ವಿಯೆಟ್ನಾಮಿನ ಮೆಣಸು ಕೊಲಂಬೋದಲ್ಲಿ ಚೀಲ ಬದಲಿಸಿ ಬಂದರೆ ಕೆಡುವುದು ನಮ್ಮ ಮಾರುಕಟ್ಟೆ. ಮೊದಲು ಪ್ರಮಾಣಪತ್ರವೊಂದಿದ್ದರೆ ಸಾಕಾಗುತ್ತಿತ್ತು. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ನಿಯಮದಂತೆ ಮಾಲು ಎಲ್ಲಿ, ಹೇಗೆ ಉತ್ಪತ್ತಿಯಾಯಿತೆಂಬ ವಿವರವನ್ನು ಆಮದುದಾರನೇ ಇಟ್ಟುಕೊಂಡಿರಬೇಕು, ಐದು ವರ್ಷ ಕಾಪಾಡಬೇಕು, ಕೇಳಿದಾಗ ತೋರಿಸಬೇಕು. ಸಂಶಯ ಬಂದರೆ ಅಧಿಕಾರಿ ರಿಯಾಯಿತಿಯನ್ನು ತಡೆಹಿಡಿಯಬಹುದು.

ಇನ್ನು ನಮ್ಮ ಬಾಗಿಲಿನ ಮಾತು. ಉತ್ತರದ ಗಡಿಯಲ್ಲಿ ತಪಾಸಣೆ ಬಿಗಿಯಾದಾಗ ಅಲ್ಲಿಗೆ ಹೋದ ನಮ್ಮ ಅಡಿಕೆಯನ್ನೂ ನಿಲ್ಲಿಸಿ ಎಲ್ಲಿಯದೆಂದು ಕೇಳುವುದುಂಟು. ಸುಂಕ ಕಾಯ್ದೆಯ 123ನೇ ಕಲಮಿನಂತೆ ಚಿನ್ನ ಮುಂತಾದ ಕೆಲವು ಮಾಲುಗಳಲ್ಲಿ ಕಳ್ಳಮಾಲಲ್ಲವೆಂದು ರುಜುವಾತು ಮಾಡುವ ಹೊಣೆ ಮಾಲು ಇಟ್ಟುಕೊಂಡವರದು. ಅಡಿಕೆ ಆ ಪಟ್ಟಿಯಲ್ಲಿಲ್ಲ, ರುಜುವಾತಿನ ಭಾರ ಇಲಾಖೆಯದೇ. ಆದರೂ ಲಾರಿ ನಿಂತ ದಿನಗಳ ಬಾಡಿಗೆಯನ್ನು ಕಾನೂನು ಕಟ್ಟಿಕೊಡುವುದಿಲ್ಲ, ಮತ್ತು ಗೋಟು ನೋಡಿ ಊರು ಹೇಳುವುದು ನಮ್ಮ ಮಂಡಿಯ ಹಳಬರಿಗೂ ಸುಲಭವಲ್ಲ. ಆಗ ಕೆಲಸಕ್ಕೆ ಬರುವುದು ತೋಟದಿಂದ ಕೊಂಡವನ ಬಿಲ್ಲು, ತೂಕದ ಚೀಟಿ, ಇ-ವೇ ಬಿಲ್ಲು, ಇವುಗಳ ಸರಪಳಿ.

ಬಿಲ್ಲು ಬೇಡವೆಂದರೆ ಕಿಲೋಗೆ ನಾಲ್ಕು ರೂಪಾಯಿ ಜಾಸ್ತಿ ಕೊಡುತ್ತೇವೆನ್ನುವವರು ಕೊಯ್ಲು ಮುಗಿದೊಡನೆ ಅಂಗಳಕ್ಕೆ ಬರುತ್ತಾರೆ. ಬಿಲ್ಲಿಲ್ಲದೆ ಹೋದ ನಮ್ಮ ಅಡಿಕೆಯೂ ಬಿಲ್ಲಿಲ್ಲದೆ ಬಂದ ಹೊರಗಿನ ಅಡಿಕೆಯೂ ಒಂದೇ ಗೋದಾಮಿನಲ್ಲಿ ಕೂಡಿದರೆ ಆಮೇಲೆ ಬೇರ್ಪಡಿಸುವವರಿಲ್ಲ. ಸಂಘಕ್ಕೆ ಹಾಕಿದ ಮಾಲಿಗೆ ಕೊಡುವ ರಶೀದಿ ಮತ್ತು ತೂಕದ ಚೀಟಿಗಳನ್ನು ಸದಸ್ಯರು ಹಣ ಬಂದೊಡನೆ ಬಿಸಾಡದೆ, ಪಹಣಿಯ ಜೊತೆಗೇ ಇಟ್ಟುಕೊಳ್ಳಬೇಕಾಗಿ ಕೋರುತ್ತೇವೆ.