ದ್ರಾಕ್ಷಿಬಳ್ಳಿಯ ಕಾಂಡ ಒಣಗುವ ರೋಗವೂ ಅದರ ನಿವಾರಣೋಪಾಯಗಳೂ

ದ್ರಾಕ್ಷಿಯ ತೋಟವು ಒಂದು ಹಂಗಾಮಿನ ಬೆಳೆಯಲ್ಲ. ಬಾವಿ, ಕಂಬ, ತಂತಿ, ಗೊಬ್ಬರಗಳಿಗೆ ಮೊದಲೇ ಹಣ ಸುರಿದು, ಬಳ್ಳಿಯು ಫಲಕ್ಕೆ ಬರುವವರೆಗೆ ಕಾದು, ಆಮೇಲೆ ಅನೇಕ ವರ್ಷ ಆದಾಯ ಪಡೆಯತಕ್ಕ ಆಸ್ತಿಯದು. ಎಲೆಗೆ ಅಥವಾ ಹಣ್ಣಿಗೆ ತಗಲುವ ರೋಗವು ಆ ವರ್ಷದ ಫಸಲನ್ನು ಕೆಡಿಸಬಹುದು. ಕಾಂಡಕ್ಕೆ ತಗಲುವ ರೋಗವಾದರೋ ಆಸ್ತಿಯನ್ನೇ ನುಂಗುತ್ತದೆ.

ನಮ್ಮ ನಾಡಿನಲ್ಲಿ ದ್ರಾಕ್ಷಿಗೆ ವಿಜಯಪುರ ಸೀಮೆಯು ಹೆಸರಾದುದು. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳು ತೊಗರಿಯ ಸೀಮೆ. ಇಲ್ಲಿ ಬಾವಿಯ ನೀರನ್ನು ನಂಬಿ ದ್ರಾಕ್ಷಿಗೆ ಕೈಹಾಕುವ ಭೂಮಾಲೀಕರು ಈ ರೋಗವನ್ನು ಮೊದಲೇ ಅರಿತಿರುವುದು ಯುಕ್ತವು. ತೊಗರಿಯ ಸೊರಗು ರೋಗವು ಈ ಭಾಗದ ರೈತರಿಗೆ ಹೊಸದಲ್ಲ. ಅದರ ಶಿಲೀಂಧ್ರವು ಮಣ್ಣಿನಲ್ಲಿದ್ದು, ಬೇರನ್ನು ಹೊಕ್ಕು ಮೇಲಕ್ಕೇರುತ್ತದೆ. ದ್ರಾಕ್ಷಿಯ ಕಾಂಡರೋಗವು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿ, ಕತ್ತರಿಯು ಮಾಡಿದ ಗಾಯದಿಂದ ಹೊಕ್ಕು ಕೆಳಕ್ಕಿಳಿಯುತ್ತದೆ. ತೊಗರಿಗೆ 1986ರಲ್ಲಿ ಬಿಡುಗಡೆಯಾದ ಮಾರುತಿಯಂತಹ ಸೊರಗುನಿರೋಧಕ ತಳಿಯುಂಟು. ದ್ರಾಕ್ಷಿಯಲ್ಲಿ ಕಾಂಡರೋಗಕ್ಕೆ ಸಂಪೂರ್ಣವಾಗಿ ಜಗ್ಗದ ತಳಿಯಿಲ್ಲ. ಆದಕಾರಣ ಗಾಯದ ಬಾಗಿಲನ್ನು ಮುಚ್ಚುವುದೇ ಮುಖ್ಯೋಪಾಯವು.

ರೋಗಲಕ್ಷಣಗಳು:— ಚಾಟ್ನಿಯಾದ ಮೇಲೆ ಒಂದು ತೋಳಿನ ಕಣ್ಣುಗಳು ಒಡೆಯುವುದಿಲ್ಲ, ಇಲ್ಲವೆ ಗಿಡ್ಡ ಚಿಗುರು ಹೊರಟು ಬಾಡುತ್ತದೆ. ಕ್ರಮೇಣ ಆ ತೋಳು ತುದಿಯಿಂದ ಒಣಗುತ್ತ ಬರುತ್ತದೆ. ಅದನ್ನು ಅಡ್ಡವಾಗಿ ಕೊಯ್ದು ನೋಡಿದರೆ ಬಿಳಿಯ ಮರದ ನಡುವೆ ಬೆಣೆಯಾಕಾರದ ಕಂದುಕಪ್ಪು ಕಲೆ ಕಾಣುವುದು. ಕಾಂಡಕೊರಕ ಹುಳುವಿನಿಂದಲೂ ಬಳ್ಳಿ ಒಣಗುವುದುಂಟು. ಆದರೆ ಹುಳುವಿದ್ದಲ್ಲಿ ಕಾಂಡದಲ್ಲಿ ರಂಧ್ರವೂ ಬುಡದಲ್ಲಿ ಮರದ ಹೊಟ್ಟೂ ಕಾಣುತ್ತವೆ. ಎರಡನ್ನೂ ಬೆರಸಿ ಔಷಧಕ್ಕೆ ಹಣ ಕಳೆಯಕೂಡದು.

ರೋಗವು ಹರಡುವ ಬಗೆ:— ಉಷ್ಣಪ್ರದೇಶಗಳಲ್ಲಿ ಈ ರೋಗವನ್ನುಂಟುಮಾಡುವ ಶಿಲೀಂಧ್ರಗಳಲ್ಲಿ ಲ್ಯಾಸಿಯೋಡಿಪ್ಲೋಡಿಯಾ ಎಂಬುದು ಮುಖ್ಯವಾದುದು. ಅದು ಸತ್ತ ತೋಳುಗಳಲ್ಲಿಯೂ ತೋಟದ ಅಂಚಿನಲ್ಲಿ ರಾಶಿ ಹಾಕಿದ ಕಡ್ಡಿಗಳಲ್ಲಿಯೂ ಬದುಕಿರುತ್ತದೆ. ಮಳೆ ಬಿದ್ದಾಗ ಅದರ ಬೀಜಕಣಗಳು ಹೊರಬಿದ್ದು, ಹನಿಯೊಡನೆ ಸಿಡಿದು ಗಾಳಿಯಲ್ಲಿ ಸಾಗಿ, ಹಸಿಗಾಯದ ಮೇಲೆ ಕೂರುತ್ತವೆ. ಗಾಯವು ಹಲವು ವಾರಗಳವರೆಗೆ ರೋಗಕ್ಕೆ ತೆರೆದಿದ್ದರೂ ಮೊದಲ ದಿನಗಳಲ್ಲಿಯೇ ಅಪಾಯವು ಹೆಚ್ಚು.

ನಮ್ಮಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುವ ರೂಢಿಯುಂಟು. ಏಪ್ರಿಲಿನ ಚಾಟ್ನಿಯು ಒಣಹವೆಯಲ್ಲಿ ನಡೆಯುತ್ತದೆ. ಅಕ್ಟೋಬರಿನ ಚಾಟ್ನಿಯಾದರೋ ಹಸ್ತ, ಚಿತ್ತಾ ಮಳೆಗಳ ಕಾಲಕ್ಕೆ ಬೀಳುತ್ತದೆ. ಹಣ್ಣಿನ ಆಸೆಗೆ ಹಾಕಿದ ಕತ್ತರಿಯು ಬಳ್ಳಿಯ ಮರಣಕ್ಕೆ ದಾರಿಯಾಗುವುದು ಹೀಗೆ.

ನಿವಾರಣೋಪಾಯಗಳು:— ದಪ್ಪ ತೋಳುಗಳನ್ನು ಕಡಿಯುವ ಕೆಲಸವನ್ನು ಏಪ್ರಿಲಿನ ಒಣದಿನಗಳಲ್ಲಿಯೇ ಮುಗಿಸತಕ್ಕದ್ದು. ಅಕ್ಟೋಬರಿನಲ್ಲಿ ಮಳೆ ಹಿಡಿದಿರುವಾಗ ಕತ್ತರಿ ಹಾಕಕೂಡದು. ಹೊಳವಾದ ಮೇಲೆ ಸವರಿ, ಆ ದಿನವೇ ಗಾಯಗಳಿಗೆ ಬೋರ್ಡೋ ಸರಿಯನ್ನು ಬಳಿಯತಕ್ಕದ್ದು.

ಸರಿಯನ್ನು ಮಾಡುವುದಕ್ಕೆ 1 ಕಿಲೋ ಮೈಲುತುತ್ತವನ್ನು 5 ಲೀಟರು ನೀರಿನಲ್ಲಿ ಕರಗಿಸಬೇಕು. 1 ಕಿಲೋ ಹೊಸ ಸುಟ್ಟ ಸುಣ್ಣವನ್ನು ಬೇರೆ 5 ಲೀಟರು ನೀರಿನಲ್ಲಿ ಅರಳಿಸಿ, ಆರಿದ ಮೇಲೆ ಎರಡನ್ನೂ ಕೂಡಿಸಿ ಕಲಕಬೇಕು. ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯನ್ನೇ ಬಳಸತಕ್ಕದ್ದು, ಕಬ್ಬಿಣದ್ದು ಆಗದು. ಹೊಳಪಾದ ಕುಡುಗೋಲನ್ನು ಅದ್ದಿದಾಗ ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯತಕ್ಕದ್ದು. ಶಹಾಬಾದ, ವಾಡಿ, ಆದಿತ್ಯನಗರಗಳ ಸುತ್ತಲಿನದು ಸುಣ್ಣದ ಕಲ್ಲಿನ ನಾಡು. ಇಲ್ಲಿನವರು ಸುಣ್ಣಕ್ಕಾಗಿ ಪರದಾಡಬೇಕಾಗಿಲ್ಲ. ಈ ಔಷಧವು 1885ರಲ್ಲಿ ಫ್ರಾನ್ಸಿನ ದ್ರಾಕ್ಷಿಯ ಎಲೆರೋಗಕ್ಕಾಗಿಯೇ ಬಳಕೆಗೆ ಬಂದುದು; ಮಲೆನಾಡಿನ ಅಡಿಕೆಯನ್ನು ಕೊಳೆರೋಗದಿಂದ ಕಾಯುವುದೂ ಇದೇ.

ಆದರೆ ಇದು ಕಾವಲುಗಾರನೇ ಹೊರತು ವೈದ್ಯನಲ್ಲ. ಮರದೊಳಗೆ ಹೊಕ್ಕ ರೋಗವನ್ನು ಮೇಲೆ ಬಳಿದ ಔಷಧವು ಮುಟ್ಟಲಾರದು. ಫ್ರಾನ್ಸಿನಲ್ಲಿ ಬಹುಕಾಲ ಬಳಸಿದ ಸೋಡಿಯಂ ಆರ್ಸೆನೈಟ್ ಎಂಬ ಪಾಷಾಣವನ್ನು, ಮನುಷ್ಯರಿಗೂ ಭೂಮಿಗೂ ಕೇಡೆಂದು, 2001ರಲ್ಲಿ ನಿಷೇಧಿಸಲಾಯಿತು.

ರೋಗ ಹೊಕ್ಕ ಬಳ್ಳಿಗೆ ಕತ್ತರಿಯೇ ಚಿಕಿತ್ಸೆ. ಕಂದು ಕಲೆ ಕಾಣುವವರೆಗೂ ಕೆಳಕ್ಕೆ ಕಡಿಯುತ್ತ ಬಂದು, ಶುದ್ಧವಾದ ಮರ ಕಂಡ ಮೇಲೆಯೂ 10 ಸೆಂಟಿಮೀಟರು, ಅಂದರೆ ಅರ್ಧ ಗೇಣು, ಕೆಳಗೆ ಕಡಿದು ಸರಿಯನ್ನು ಬಳಿಯಬೇಕು. ಬುಡದಿಂದ ಹೊರಟ ಬಲವಾದ ಚಿಗುರನ್ನು ಹೊಸ ಕಾಂಡವಾಗಿ ಏರಿಸಬೇಕು. ಡಾಗ್‌ರಿಡ್ಜ್ ಬೇರುಗಿಡದ ಮೇಲೆ ಕಸಿ ಮಾಡಿದ ಬಳ್ಳಿಯಾದರೆ ಕಸಿಯ ಗಂಟಿನ ಮೇಲ್ಗಡೆಯ ಚಿಗುರನ್ನೇ ಆರಿಸಬೇಕು. ಕಲೆಯು ಗಂಟನ್ನೂ ದಾಟಿದ್ದರೆ ಬಳ್ಳಿಯನ್ನು ಕಿತ್ತುಬಿಡುವುದೇ ಲೇಸು. ಇನ್ನೂ ನಾಲ್ಕು ಗೊಂಚಲು ಕೊಡುವ ಬಳ್ಳಿಯನ್ನು ಕಡಿಯಲು ಮನಸ್ಸು ಒಪ್ಪದು, ನಿಜ. ಆದರೆ ಈ ವರ್ಷ ತೋಳನ್ನು ಉಳಿಸಿದವನು ಮುಂದೆ ಬುಡವನ್ನೇ ಕಳೆದುಕೊಳ್ಳುತ್ತಾನೆ. ಸಕಾಲದಲ್ಲಿ ಕಡಿದ ಬಳ್ಳಿಯು ಹಳೆಯ ಬೇರಿನ ಬಲದಿಂದ, ಹೊಸದಾಗಿ ನೆಟ್ಟ ಸಸಿಗಿಂತ ಬೇಗನೆ ಫಲಕ್ಕೆ ಬರುತ್ತದೆ.

ಗ್ರಾಮದ ಮುಖಂಡರ ಕರ್ತವ್ಯ:— ಬೀಜಕಣಕ್ಕೆ ಬದುವಿನ ಮೇರೆಯಿಲ್ಲ. ಒಬ್ಬನು ಪಾಳುಬಿಟ್ಟ ಚಪ್ಪರವು ನೆರೆಯವರೆಲ್ಲರ ತೋಟಗಳಿಗೆ ಕೇಡು. ಕಡಿದ ತೋಳುಗಳನ್ನು ಸೌದೆಗೆಂದು ಕೂಡಿಡದೆ, ಮಳೆಗೆ ಮುಂಚೆ ತೋಟದಿಂದ ಸಾಗಿಸಿ ನಾಶಮಾಡುವಂತೆ ಗೌಡರೂ ಹಿರಿಯರೂ ಎಲ್ಲರನ್ನೂ ಒಪ್ಪಿಸಬೇಕು. ಭೂಮಾಲೀಕರು ಚಾಟ್ನಿಯ ಕೂಲಿಯನ್ನು ಬಳ್ಳಿಯ ಲೆಕ್ಕದಲ್ಲಿ ಗುತ್ತಿಗೆ ಕೊಡುವಾಗ, ಸರಿ ಬಳಿಯುವ ಕೆಲಸಕ್ಕೂ ಬೇರೆ ಕೂಲಿಯನ್ನು ಗೊತ್ತುಮಾಡುವುದು ಒಳ್ಳೆಯದು. ಇಲ್ಲವಾದರೆ ಅವಸರದಲ್ಲಿ ಆ ಕೆಲಸವೇ ಬಿಟ್ಟುಹೋಗುವುದು. ಕತ್ತರಿಯ ಹಿಂದೆಯೇ ಸುಣ್ಣದ ಕುಂಚವೂ ನಡೆಯುವ ತೋಟವು ಮಕ್ಕಳ ಕಾಲಕ್ಕೂ ಉಳಿದೀತು.