ಉಪ್ಪಿನ ಗಣಿಯಲ್ಲಿ ದೊರೆತ ಮರಿಯಮ್ಮ

1944ರ ಸೆಪ್ಟೆಂಬರ್ ತಿಂಗಳಲ್ಲಿ ಬೆಲ್ಜಿಯಂ ದೇಶದ ಬ್ರೂಜ್ ಪಟ್ಟಣದ ಮಾತೆಯ ದೇವಾಲಯದಿಂದ ಜರ್ಮನ್ ಸೈನಿಕರು ಒಂದು ಪ್ರತಿಮೆಯನ್ನು ಹಾಸಿಗೆಗಳಲ್ಲಿ ಸುತ್ತಿ, ರೆಡ್ ಕ್ರಾಸ್ ಗುರುತಿನ ವಾಹನದಲ್ಲಿ ಹೊತ್ತೊಯ್ದರು. ಅದು ಮೈಕಲೆಂಜೆಲೊ ಅಮೃತಶಿಲೆಯಲ್ಲಿ ಕಡೆದ ಮರಿಯಮ್ಮ ಮತ್ತು ಬಾಲಯೇಸುವಿನ ವಿಗ್ರಹ. ಇದರ ಶೋಧವೇ ಜಾರ್ಜ್ ಕ್ಲೂನಿ ನಿರ್ದೇಶಿಸಿದ, 2014ರಲ್ಲಿ ತೆರೆಕಂಡ ‘ದಿ ಮಾನ್ಯುಮೆಂಟ್ಸ್ ಮೆನ್’ ಚಲನಚಿತ್ರದ ಒಂದು ಮುಖ್ಯ ಎಳೆ. ಕುಟುಂಬ ಸಮೇತ ಕುಳಿತು ನೋಡಬಹುದಾದ ಯುದ್ಧಚಿತ್ರಗಳು ವಿರಳ, ಇದು ಅವುಗಳಲ್ಲೊಂದು.

ಒಂದು ಕಲಾಕೃತಿಗಾಗಿ ಮನುಷ್ಯನ ಪ್ರಾಣವನ್ನು ತೆರಬಹುದೇ ಎಂಬುದು ಚಿತ್ರ ಎತ್ತುವ ಪ್ರಶ್ನೆ. ಅದರಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬನು ಪ್ರತಿಮೆಯ ಬಳಿಯೇ ಮಡಿಯುತ್ತಾನೆ. ನಿಜ ಜೀವನದಲ್ಲಿ ಆ ಪ್ರತಿಮೆಯ ಜಾಡು ಹಿಡಿದಿದ್ದ ಇತಿಹಾಸಕಾರ ರೊನಾಲ್ಡ್ ಬಾಲ್ಫರ್ ಮಡಿದದ್ದು 1945ರ ಮಾರ್ಚ್‌ನಲ್ಲಿ, ಜರ್ಮನಿಯ ಕ್ಲೇವ ಪಟ್ಟಣದಲ್ಲಿ. ಶತ್ರುದೇಶದ ಚರ್ಚೊಂದರ ಕಲಾಕೃತಿಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುತ್ತಿದ್ದಾಗ. ಚಿತ್ರದ ಕಥೆಗಿಂತ ಈ ಸತ್ಯವೇ ನಮಗೆ ಹಿರಿದೆನಿಸುತ್ತದೆ.

ಆಸ್ಟ್ರಿಯದ ಆಲ್ಟೌಸಿಯ ಉಪ್ಪಿನ ಗಣಿಯಲ್ಲಿ ಆ ಪ್ರತಿಮೆಯೊಡನೆ ಗೆಂಟ್ ಪ್ರಧಾನಾಲಯದ, 1432ರಲ್ಲಿ ಪೂರ್ಣಗೊಂಡ ಬಲಿಪೀಠ ಚಿತ್ರಮಾಲೆಯೂ ಸಾವಿರಾರು ವರ್ಣಚಿತ್ರಗಳೂ ಇದ್ದವು. ನಾತ್ಸಿ ಅಧಿಕಾರಿಯೊಬ್ಬನು ‘ಅಮೃತಶಿಲೆ, ಎಚ್ಚರಿಕೆ’ ಎಂದು ಬರೆಸಿದ 8 ಪೆಟ್ಟಿಗೆಗಳಲ್ಲಿ ಬಾಂಬುಗಳನ್ನು ಒಳಗಿರಿಸಿದ್ದನು. ಗಣಿಯ ಕಾರ್ಮಿಕರೇ ಅವನ್ನು ಹೊರಗೆಳೆದು, ಗಣಿಯ ದ್ವಾರಗಳನ್ನು ಸಿಡಿಸಿ ಮುಚ್ಚಿದರು. ಗಣಿ ನಾಶವಾದರೆ ಅನ್ನಕ್ಕೇ ಸಂಚಕಾರವೆಂಬ ಚಿಂತೆಯೂ ಅವರಿಗಿತ್ತು. ಅದರಿಂದ ಅವರ ಕಾರ್ಯ ಕಿರಿದಾಗದು.

ಪ್ಯಾರಿಸ್ಸಿನ ರೋಸ್ ವಲಾಂ ಎಂಬ ಮಹಿಳೆಯನ್ನು ಇಲ್ಲಿ ಮರೆಯಲಾಗದು. ಲೂಟಿಯ ಉಗ್ರಾಣವಾಗಿದ್ದ ವಸ್ತುಸಂಗ್ರಹಾಲಯದಲ್ಲಿ ತನಗೆ ಜರ್ಮನ್ ಭಾಷೆ ಬಾರದೆಂಬಂತೆ ನಟಿಸುತ್ತ, ಯಾವ ಕೃತಿ ಯಾವ ಊರಿಗೆ ಹೋಯಿತೆಂದು ನಾಲ್ಕು ವರ್ಷ ಗುಟ್ಟಾಗಿ ಬರೆದಿಟ್ಟಳು. ಆ ಬರಹವಿಲ್ಲದಿದ್ದರೆ ಸೈನಿಕರು ಹುಡುಕುವುದಾದರೂ ಎಲ್ಲಿ?

ನಮ್ಮ ನಾಡಿನ ಯುದ್ಧಗಳಲ್ಲಿ ಇಂಥ ಪಡೆ ಇರಲಿಲ್ಲ. ಸವಣೂರಿನ ನವಾಬರ ಮನೆತನಕ್ಕೆ ನಂಟನಾಗಿದ್ದ ಟಿಪ್ಪು ಸುಲ್ತಾನನ ಸಿಂಹಾಸನವನ್ನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹಂಚಿಕೆಗಾಗಿ ಒಡೆದರು. ಅದರ ಹುಲಿಮುಖ ಇಂದು ಇಂಗ್ಲೆಂಡಿನ ಅರಮನೆಯಲ್ಲಿದೆ. ಅವನ ಮರದ ಹುಲಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಈಗ ನಮ್ಮ ಸುತ್ತಲೇ ನೋಡೋಣ. ಹಾನಗಲ್ಲಿನ ತಾರಕೇಶ್ವರ, ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ನಗರೇಶ್ವರ ದೇವಾಲಯಗಳಿಗೆ ಸರಕಾರದ ಕಾವಲಿದೆ. ಆದರೆ ಸವಣೂರು, ಹಿರೇಕೆರೂರು ಸೀಮೆಯ ಕೆರೆಯ ಏರಿ, ಹೊಲದ ಬದುಗಳಲ್ಲಿ ನಿಂತ ವೀರಗಲ್ಲುಗಳಿಗೆ ಕಾವಲುಗಾರರು ಯಾರು? ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ: ಊರಿಗಾಗಿ ಮಡಿದವನ ನೆನಪನ್ನು ಹೊತ್ತ ಕಲ್ಲುಗಳವು. ಅವು ನಮ್ಮ ಧರ್ಮದವಲ್ಲವೆಂದು ಸುಮ್ಮನಿರುವುದು ಸಲ್ಲದು. ಬಾಲ್ಫರ್ ಕ್ಲೇವದಲ್ಲಿ ಹಾಗೆಣಿಸಲಿಲ್ಲ.

ನಮ್ಮ ದೇವಾಲಯಗಳ ಹಳೆಯ ಸ್ವರೂಪಗಳು, ಪೂಜಾಪಾತ್ರೆಗಳು, ಮನೆಯ ಶಿಲುಬೆಗಳ ವಿಷಯದಲ್ಲೂ ಇದೇ ಮಾತು. ನೂರು ವರ್ಷ ದಾಟಿದ ಶಿಲ್ಪ, ಚಿತ್ರಗಳು 1972ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುತ್ತವೆ. ಮಕ್ಕಳ ಕೈಯಲ್ಲೀಗ ಕ್ಯಾಮೆರಾ ಉಳ್ಳ ಫೋನುಗಳಿವೆ. ಬರುವ ರಜೆಯಲ್ಲಿ ಪ್ರತಿಯೊಂದು ವಸ್ತುವಿನ ಮುಂದಣ, ಹಿಂದಣ ಚಿತ್ರ ತೆಗೆದು, ಅಳತೆ, ಒಡಕು, ಅಕ್ಷರಗಳ ಗುರುತು ಬರೆದು ಒಂದು ಪ್ರತಿಯನ್ನು ಗುರುಗಳ ಬಳಿಯೂ ಇನ್ನೊಂದನ್ನು ಪಂಚಾಯಿತಿಯಲ್ಲಿಯೂ ಇರಿಸಲಿ.