ನಿಮಗಿದು ಗೊತ್ತೇ? ಮಾಸ್ಕಿನ ಬಲವೆಲ್ಲ ಅದರ ಅಂಚಿನಲ್ಲಿ

ಎರಡು ಮಾಸ್ಕ್ ಇಟ್ಟುಕೊಂಡು ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಶೇ. 98ರಷ್ಟು ಕಣಗಳನ್ನು ಹಿಡಿಯುವ ದುಬಾರಿ ಮಾಲು; ಆದರೆ ಮುಖಕ್ಕೆ ಸಡಿಲ, ಎಳೆದುಕೊಂಡ ಉಸಿರಿನಲ್ಲಿ ಐದನೇ ಒಂದು ಪಾಲು ಅಂಚಿನ ಸಂದಿನಿಂದಲೇ ಒಳಬರುತ್ತದೆ. ಇನ್ನೊಂದು ಶೇ. 80ರಷ್ಟನ್ನು ಮಾತ್ರ ಹಿಡಿಯುತ್ತದೆ; ಆದರೆ ಬಿಗಿಯಾಗಿ ಕೂತಿದೆ, ಸೋರುವುದು ನೂರರಲ್ಲಿ ಎರಡೇ ಪಾಲು. ಮೊದಲನೆಯದರಲ್ಲಿ ಸೋರಿಕೆಯಿಂದ 20, ಬಟ್ಟೆ ದಾಟಿ ಬಂದದ್ದು 1.6, ಒಟ್ಟು 21.6. ಎರಡನೆಯದರಲ್ಲಿ ಸೋರಿಕೆಯಿಂದ 2, ಬಟ್ಟೆ ದಾಟಿ 19.6, ಒಟ್ಟು ಮತ್ತೆ 21.6. ಎರಡರ ರಕ್ಷಣೆಯೂ ಒಂದೇ! ಅಂಗಡಿಯಲ್ಲಿ ‘ಎಷ್ಟು ಪದರದ್ದು?’ ಎಂದು ಕೇಳುವ ನಾವು ‘ಇದು ನನ್ನ ಮುಖಕ್ಕೆ ಕೂರುತ್ತದೆಯೇ?’ ಎಂದು ಕೇಳುವುದೇ ಇಲ್ಲ. ಕೇಳಬೇಕು.

ದಪ್ಪ ಬಟ್ಟೆಯ ಮಾಸ್ಕ್ ಕೆಲವೊಮ್ಮೆ ಕಡಿಮೆ ಕಾಪಾಡುತ್ತದೆ, ಗೊತ್ತೇ? ಬಟ್ಟೆ ದಪ್ಪವಾದಷ್ಟೂ ಗಾಳಿ ಅದರೊಳಗೆ ತೂರಿ ಬರುವುದು ಕಷ್ಟ. ಗದ್ದೆಯ ಬದುವಿನಲ್ಲಿ ಏಡಿ ಒಂದು ತೂತು ಕೊರೆದರೆ ನೀರೆಲ್ಲ ಅತ್ತಲೇ ಹರಿಯುತ್ತದಲ್ಲ, ಉಸಿರೂ ಹಾಗೆಯೇ ಅಂಚಿನ ಸಂದನ್ನು ಹುಡುಕಿಕೊಳ್ಳುತ್ತದೆ. ಸಂದು ಮುಚ್ಚದೆ ಪದರ ಹೆಚ್ಚಿಸಿದರೆ ಸೋರಿಕೆಯೇ ಹೆಚ್ಚಾದೀತು.

ಜರ್ಮನಿಯ ಗೋಟಿಂಗೆನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2021ರ ಡಿಸೆಂಬರಿನಲ್ಲಿ ಪ್ರಕಟಿಸಿದ ಲೆಕ್ಕ ಕಣ್ಣು ತೆರೆಸುವಂಥದ್ದು. ಕೊರೊನಾ ಸೋಂಕಿರುವವರು ಮಾತಾಡುತ್ತಿದ್ದಾರೆ, ಲಸಿಕೆ ಪಡೆಯದ ಇನ್ನೊಬ್ಬರು ಮೂರು ಮೀಟರ್ ದೂರದಲ್ಲಿದ್ದಾರೆ, ಇಬ್ಬರಿಗೂ ಮಾಸ್ಕ್ ಇಲ್ಲ ಎಂದುಕೊಳ್ಳಿ. ಅತಿ ಕೆಟ್ಟ ಪರಿಸ್ಥಿತಿಯಲ್ಲಿ, ಐದು ನಿಮಿಷದೊಳಗೆ ಸೋಂಕು ಹತ್ತುವ ಅಪಾಯ ಸುಮಾರು ಶೇ. 90. ಇಬ್ಬರೂ ಎಫ್‌ಎಫ್‌ಪಿ-2 (ಎನ್-95ರಂಥ) ಮಾಸ್ಕ್ ಹಾಕಿ, ಅದು ಸರಿಯಾಗಿ ಕೂತಿದ್ದರೆ, ತೀರ ಹತ್ತಿರದಲ್ಲಿ ಇಪ್ಪತ್ತು ನಿಮಿಷ ಕಳೆದರೂ ಅಪಾಯ ಶೇ. 0.1ರ ಆಸುಪಾಸು. ಅದೇ ಮಾಸ್ಕ್ ಸರಿಯಾಗಿ ಕೂರದಿದ್ದರೆ? ಸುಮಾರು ಶೇ. 4. ಬಟ್ಟೆ ಬದಲಾಗಲಿಲ್ಲ, ಬೆಲೆ ಬದಲಾಗಲಿಲ್ಲ, ಅಪಾಯ ಮಾತ್ರ ನಲವತ್ತು ಪಟ್ಟು ಏರಿತು. ಚೆನ್ನಾಗಿ ಕೂತ ಸರ್ಜಿಕಲ್ ಮಾಸ್ಕಿನಲ್ಲಿ ಅದು ಹೆಚ್ಚೆಂದರೆ ಶೇ. 10.

ಅದೇ ವಿಜ್ಞಾನಿಗಳು ಹೇಳಿಕೊಟ್ಟ ಒಂದು ಉಪಾಯ: ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಸುಮ್ಮನೆ ಚಿವುಟಬೇಡಿ. ಹಾಕಿಕೊಳ್ಳುವ ಮೊದಲೇ ನಡುವೆ ಒಂದು ಉಬ್ಬು, ಎರಡೂ ಪಕ್ಕದಲ್ಲಿ ಒಂದೊಂದು ತಗ್ಗು ಬರುವಂತೆ ದುಂಡಗೆ ಬಾಗಿಸಿ. ಆಗ ಪಟ್ಟಿ ಮೂಗಿನ ಎರಡೂ ಬದಿಗೆ ಒತ್ತಿಕೊಳ್ಳುತ್ತದೆ. ಮಾಸ್ಕ್ ಹೆಚ್ಚಾಗಿ ಸೋರುವುದು ಅಲ್ಲೇ. ಕನ್ನಡಕ ಹಾಕುವವರಿಗೆ ಇದನ್ನು ಬೇರೆಯಾಗಿ ಹೇಳಬೇಕಿಲ್ಲ. ಗಾಜು ಮಬ್ಬಾಯಿತೆಂದರೆ ಬಿಸಿಯುಸಿರು ಮೇಲಿನ ಸಂದಿನಿಂದ ಹೊರಬೀಳುತ್ತಿದೆ ಎಂದೇ ಅರ್ಥ. ಹೊರಬೀಳುವ ದಾರಿಯಲ್ಲೇ ಒಳಬರುವುದೂ ಸಾಧ್ಯ.

ಎನ್-95 ಮಾಸ್ಕ್ ಜರಡಿಯಂತೆ ಕೆಲಸ ಮಾಡುವುದಿಲ್ಲ. ಅದರ ನಾರುಗಳ ನಡುವಿನ ಸಂದುಗಳು ವೈರಾಣುವಿಗಿಂತ ಎಷ್ಟೋ ದೊಡ್ಡವು. ದೊಡ್ಡ ಕಣಗಳು ಗಾಳಿಯ ತಿರುವಿನಲ್ಲಿ ತಿರುಗಲಾರದೆ ನಾರಿಗೆ ಬಡಿದು ಅಂಟಿಕೊಳ್ಳುತ್ತವೆ. ತೀರ ಸಣ್ಣವು ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅಡ್ಡಾದಿಡ್ಡಿ ಅಲೆದು ಕೊನೆಗೆ ನಾರಿಗೇ ಹತ್ತುತ್ತವೆ. ಸುಲಭವಾಗಿ ಸಿಗದವು ನಡುಗಾತ್ರದವು, ಸುಮಾರು 0.3 ಮೈಕ್ರಾನಿನವು. ಅದಕ್ಕೇ ಪರೀಕ್ಷೆಯೂ ಆ ಗಾತ್ರದ ಕಣಗಳಿಂದಲೇ. ಹಿಡಿಯಲು ಅತಿ ಕಷ್ಟದ ಕಣಗಳಲ್ಲೇ ಕನಿಷ್ಠ ಶೇ. 95ರಷ್ಟನ್ನು ತಡೆದರೆ ಆ ಹೆಸರು. ‘ವೈರಾಣು 0.1 ಮೈಕ್ರಾನ್, ಮಾಸ್ಕ್ ಹಿಡಿಯುವುದು 0.3ರವರೆಗೆ ಮಾತ್ರ, ಹಾಗಾಗಿ ಪ್ರಯೋಜನವಿಲ್ಲ’ ಎಂಬ ಮಾತು ವಾಟ್ಸಾಪಿನಲ್ಲಿ ಬಹಳ ಓಡಾಡಿತು. ಅದು ಎರಡು ರೀತಿಯಲ್ಲಿ ತಪ್ಪು. 0.3ಕ್ಕಿಂತ ಚಿಕ್ಕವೂ ಚೆನ್ನಾಗಿ ಸಿಕ್ಕಿಬೀಳುತ್ತವೆ. ಜೊತೆಗೆ ವೈರಾಣು ಬರಿಮೈಯಲ್ಲಿ ಹಾರಾಡುವುದಿಲ್ಲ, ಉಪ್ಪು, ಪ್ರೋಟೀನು ಬೆರೆತ ಉಸಿರಿನ ಹನಿಯೊಳಗೆ ಕೂತು ಬರುತ್ತದೆ.

ಆ ನಾರುಗಳಲ್ಲಿ ವಿದ್ಯುದಾವೇಶವಿರುತ್ತದೆ. ಪಾಲಿಪ್ರೊಪಿಲೀನ್ ನಾರಿಗೆ ಬಹುಕಾಲ ಉಳಿಯುವಂತೆ ಆವೇಶ ತುಂಬುವ ವಿಧಾನ ಕಂಡುಕೊಂಡವರಲ್ಲಿ ಪ್ರಮುಖರು ತೈವಾನಿನಲ್ಲಿ ಹುಟ್ಟಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿ ದುಡಿದ ಪೀಟರ್ ತ್ಸಾಯ್. ಬಟ್ಟೆ ತೆಳ್ಳಗೇ ಇದ್ದರೂ ಕಣಗಳನ್ನು ಸೆಳೆದು ಹಿಡಿಯಬಲ್ಲದ್ದು ಈ ಆವೇಶದಿಂದ. ಉಸಿರಾಟ ಹಗುರ, ಹಾಗಾಗಿ ಅಂಚಿನಿಂದ ಸೋರುವ ಒತ್ತಡವೂ ಕಡಿಮೆ. ನಿವೃತ್ತರಾಗಿದ್ದ ತ್ಸಾಯ್ 2020ರಲ್ಲಿ ಮಾಸ್ಕಿನ ಕೊರತೆ ಬಿದ್ದಾಗ ಮತ್ತೆ ಕೆಲಸಕ್ಕೆ ಇಳಿದು, ಬಳಸಿದ ಮಾಸ್ಕನ್ನು ಒಣಬಿಸಿಯಿಂದ ಶುದ್ಧಮಾಡುವ ದಾರಿ ಹುಡುಕಿದರು. ಸೋಪು ನೀರಿನಲ್ಲಿ ತೊಳೆದರೆ, ಸ್ಯಾನಿಟೈಸರ್ ಸಿಂಪಡಿಸಿದರೆ ಆವೇಶ ಹೋಗುತ್ತದೆ. ಕಣ್ಣಿಗೆ ಹೊಸದರಂತೆಯೇ ಕಾಣುವ ಆ ಮಾಸ್ಕ್ ಅರ್ಧ ಕೆಲಸವನ್ನೂ ಮಾಡದಿರಬಹುದು.

ಸರ್ಜಿಕಲ್ ಮಾಸ್ಕ್ ಮುಖಕ್ಕೆ ಅಂಟಿ ಕೂರಬೇಕೆಂದು ಮಾಡಿದ್ದೇ ಅಲ್ಲ. ಶಸ್ತ್ರಚಿಕಿತ್ಸಕರ ಬಾಯಿಯ ಹನಿಗಳು ರೋಗಿಯ ಗಾಯದ ಮೇಲೆ ಬೀಳದಿರಲಿ ಎಂದು ಅದು ಹುಟ್ಟಿತು. 1897ರಲ್ಲಿ ಬ್ರೆಸ್ಲಾವಿನ ಯೋಹಾನ್ ಮಿಕುಲಿಚ್ ಗಾಜ್ ಬಟ್ಟೆಯ ಮಾಸ್ಕ್ ತೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದನ್ನು ಬರೆದಿಟ್ಟಿದ್ದಾರೆ. ತೊಟ್ಟವರ ಶ್ವಾಸಕೋಶವನ್ನು ಕಾಯುವ ಹೊಣೆ ಆಗ ಅದರ ಮೇಲಿರಲಿಲ್ಲ.

ಆ ಹೊಣೆಯನ್ನು ಹೊರಿಸಿದವರು ಇಂದಿನ ಮಲೇಷ್ಯಾದ ಪಿನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಡಾ. ವೂ ಲಿಯೆನ್-ಟೆ. 1910ರ ಡಿಸೆಂಬರಿನಲ್ಲಿ, ಹೆಪ್ಪುಗಟ್ಟುವ ಚಳಿಯಲ್ಲಿ, ಪ್ಲೇಗು ಹಬ್ಬಿದ್ದ ಮಂಚೂರಿಯಾದ ಹಾರ್ಬಿನ್ ನಗರಕ್ಕೆ ಬಂದರು. ಇದು ಇಲಿಯ ಚಿಗಟದಿಂದಲ್ಲ, ರೋಗಿಯ ಉಸಿರಿನಿಂದ ಹಬ್ಬುತ್ತಿದೆ ಎಂದು ಗುರುತಿಸಿ, ಎಲ್ಲರೂ ಮಾಸ್ಕ್ ಹಾಕಬೇಕೆಂದರು. ವಯಸ್ಸಿನಲ್ಲೂ ಹುದ್ದೆಯಲ್ಲೂ ಹಿರಿಯರಾದ ಫ್ರೆಂಚ್ ವೈದ್ಯ ಜೆರಾಲ್ಡ್ ಮೆಸ್ನಿ ಇದನ್ನು ಒಪ್ಪದೆ, ಮಾಸ್ಕ್ ಇಲ್ಲದೆಯೇ ರೋಗಿಗಳನ್ನು ನೋಡಿದರು. 1911ರ ಜನವರಿಯಲ್ಲಿ, ಕೆಲವೇ ದಿನಗಳಲ್ಲಿ, ಪ್ಲೇಗಿನಿಂದಲೇ ತೀರಿಕೊಂಡರು. ಆಮೇಲೆ ಊರೇ ಮಾಸ್ಕ್ ಕಟ್ಟಿತು. ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡ ಆ ಪಿಡುಗು ಕೆಲವು ತಿಂಗಳಲ್ಲಿ ಹತೋಟಿಗೆ ಬಂತು. ನನಗೆ ಬಹಳ ಹಿಡಿಸುವುದು ವೂ ಅವರ ಮಾಸ್ಕಿನ ಕಟ್ಟು. ಗಾಜ್ ಬಟ್ಟೆಯ ನಡುವೆ ಹತ್ತಿ ಇಟ್ಟು, ಬಟ್ಟೆಯ ಎರಡೂ ತುದಿಯನ್ನು ಮೂರು ಮೂರು ಬಾಲಗಳಾಗಿ ಸೀಳಿದ್ದರು. ಮೇಲಿನ ಜೋಡಿ ಕಿವಿಯ ಮೇಲಿನಿಂದ ತಲೆಯ ಹಿಂದಕ್ಕೆ, ಕೆಳಗಿನದು ಕತ್ತಿನ ಹಿಂದಕ್ಕೆ, ನಡುವಿನದು ನೆತ್ತಿಯ ಮೇಲಕ್ಕೆ. ಅಂಚು ಕದಲಬಾರದು ಎಂಬ ಎಚ್ಚರ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಅವರಿಗಿತ್ತು.

ಇಂದಿನ ನಿಜವಾದ ಎನ್-95ಕ್ಕೂ ಎರಡು ಪಟ್ಟಿಗಳಿರುವುದು, ಅವು ಕಿವಿಗಲ್ಲದೆ ತಲೆಯ ಹಿಂದಕ್ಕೆ ಹೋಗುವುದು ಇದೇ ಕಾರಣಕ್ಕೆ. ಒಂದು ನೆತ್ತಿಯ ಕೆಳಗೆ, ಇನ್ನೊಂದು ಕಿವಿಯ ಕೆಳಗೆ ಕುತ್ತಿಗೆಯ ಹಿಂದೆ. ಕೂದಲು ಕೆಡುತ್ತದೆಂದು ಕೆಳಗಿನ ಪಟ್ಟಿಯನ್ನು ಜೋತಾಡಲು ಬಿಡುವವರನ್ನು ನೋಡಿದ್ದೇನೆ. ಗದ್ದದ ಕೆಳಗಿನ ಸಂದು ಪೂರ್ತಿ ತೆರೆದುಕೊಳ್ಳುತ್ತದೆ.

ಕಿವಿಗೆ ಸಿಕ್ಕಿಸುವ ಸಾದಾ ಸರ್ಜಿಕಲ್ ಮಾಸ್ಕ್ ಮಾತ್ರ ಇದ್ದರೆ? ಕಿವಿದಾರ ಮಾಸ್ಕಿಗೆ ಸೇರುವ ಜಾಗದಲ್ಲೇ ಒಂದು ಗಂಟು ಹಾಕಿ, ಪಕ್ಕದಲ್ಲಿ ಉಬ್ಬುವ ನೆರಿಗೆಯನ್ನು ಒಳಕ್ಕೆ ಮಡಚಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಗೊಂಬೆತಲೆಗಳಿಂದ ಕೆಮ್ಮಿಸಿ ಅಳೆದು 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಪ್ರಕಾರ, ಸುಮ್ಮನೆ ಹಾಕಿದ ಸರ್ಜಿಕಲ್ ಮಾಸ್ಕ್ ತಡೆದದ್ದು ಶೇ. 56.1ರಷ್ಟು ಕಣ, ಗಂಟು ಹಾಕಿ ಮಡಚಿದಾಗ ಶೇ. 77, ಗಂಟು ಹಾಕದ ಸರ್ಜಿಕಲ್ ಮಾಸ್ಕಿನ ಮೇಲೊಂದು ಬಟ್ಟೆ ಮಾಸ್ಕ್ ಹಾಕಿದಾಗ ಶೇ. 85.4. ಒಂದು ಗಂಟಿನ ಖರ್ಚೇನು? ಏನೂ ಇಲ್ಲ. ಆದರೆ ಸರ್ಜಿಕಲ್ ಮಾಸ್ಕಿನ ಮೇಲೆ ಇನ್ನೊಂದು ಸರ್ಜಿಕಲ್ ಮಾಸ್ಕ್ ಹಾಕಿದರೆ ಅಂಚು ಬಿಗಿಯಾಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಪ್ತರ್ಷಿ ಬಸು ಮತ್ತು ಸಂಗಡಿಗರು ಕೆಮ್ಮಿನ ಹನಿ ಮಾಸ್ಕಿಗೆ ಬಡಿಯುವುದನ್ನು ಅತಿ ವೇಗದ ಕ್ಯಾಮೆರಾದಲ್ಲಿ ಹಿಡಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಒಂದೇ ಪದರದ ಮಾಸ್ಕಿಗೆ ಬಡಿದ ದೊಡ್ಡ ಹನಿ ಒಡೆದು ಹಲವಾರು ಮರಿಹನಿಗಳಾಗುತ್ತದೆ. ದೊಡ್ಡದು ನೆಲಕ್ಕೆ ಬೀಳುತ್ತಿತ್ತು, ಮರಿಹನಿಗಳು ಗಾಳಿಯಲ್ಲಿ ತೇಲುತ್ತವೆ. ಒಂದು ಪದರ ತಡೆದದ್ದು ಹನಿಯ ಶೇ. 30ರಷ್ಟನ್ನು ಮಾತ್ರ, ಎರಡು ಪದರ ಶೇ. 91ರಷ್ಟನ್ನು. ಮೂರು ಪದರ ಮತ್ತು ಎನ್-95 ಬಹುತೇಕ ಪೂರ್ತಿ ತಡೆದವು. ಅಂಚಿನಷ್ಟೇ ಬಟ್ಟೆಯೂ ಮುಖ್ಯ ಎನ್ನುವುದನ್ನು ಮರೆಯುವಂತಿಲ್ಲ.

2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ಗಾಳಿಯಿಂದ ಹರಡುವುದಿಲ್ಲ ಎಂದು ಸಾರಿತ್ತು. ಜುಲೈಯಲ್ಲಿ ಲಿಡಿಯಾ ಮೊರಾವ್ಸ್ಕಾ, ಡೊನಾಲ್ಡ್ ಮಿಲ್ಟನ್ ಬರೆದ ಬಹಿರಂಗ ಪತ್ರಕ್ಕೆ 239 ವಿಜ್ಞಾನಿಗಳ ಬೆಂಬಲವಿತ್ತು: ಗಾಳಿಯ ದಾರಿಯನ್ನು ಒಪ್ಪಿಕೊಳ್ಳಿ ಎಂದು. ಅದನ್ನು ಒಪ್ಪಿಕೊಳ್ಳಲು ಆದ ತಡದ ಬೆಲೆ ದೊಡ್ಡದು. ರೋಗ ದೊಡ್ಡ ಹನಿಯಿಂದ ಮಾತ್ರ ಹರಡುವುದಾದರೆ ಬಾಯಿಗೆ ಅಡ್ಡ ಏನಿದ್ದರೂ ಸಾಕು. ತೇಲುವ ಕಣದಿಂದಲೂ ಹರಡುವುದಾದರೆ ಅಂಚೂ ಅಷ್ಟೇ ಮುಖ್ಯ. ನಮ್ಮ ಕರ್ನಾಟಕ ಸರ್ಕಾರ ಅದೇ ವರ್ಷದ ಅಕ್ಟೋಬರಿನಲ್ಲಿ ಮಾಸ್ಕ್ ಹಾಕದವರಿಗೆ ನಗರಗಳಲ್ಲಿ 250 ರೂಪಾಯಿ, ಉಳಿದೆಡೆ 100 ರೂಪಾಯಿ ದಂಡ ನಿಗದಿ ಮಾಡಿತು. ಮಾಸ್ಕ್ ಇದೆಯೋ ಇಲ್ಲವೋ ಎಂದು ನೋಡುವಷ್ಟೇ ಶ್ರದ್ಧೆಯಿಂದ ಅದನ್ನು ಕೂರಿಸುವುದು ಹೇಗೆಂದು ಕಲಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಕವಾಟವಿರುವ ಎನ್-95 ತೊಟ್ಟವರನ್ನು ಕಾಯುತ್ತದೆ, ಆದರೆ ಹೊರಬಿಡುವ ಉಸಿರನ್ನು ಶೋಧಿಸದೆ ಬಿಡುತ್ತದೆ. 2020ರ ಜುಲೈಯಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅದರ ಬಗ್ಗೆ ರಾಜ್ಯಗಳನ್ನು ಎಚ್ಚರಿಸಿದ್ದು ಇದಕ್ಕೇ.

ಅಮೆರಿಕದಲ್ಲಿ ಎನ್-95 ತೊಟ್ಟು ಕೆಲಸ ಮಾಡುವ ನರ್ಸಿಗೆ ವರ್ಷಕ್ಕೊಮ್ಮೆಯಾದರೂ ‘ಫಿಟ್ ಟೆಸ್ಟ್’ ಮಾಡಿಸಲೇಬೇಕೆಂದು ಕಾನೂನಿದೆ. ತಲೆಗೊಂದು ಪಾರದರ್ಶಕ ಮುಸುಕು ಹಾಕಿ, ಅದರೊಳಗೆ ಸ್ಯಾಕರಿನ್ ತುಂತುರು ಬಿಡುತ್ತಾರೆ. ನಾಲಿಗೆಗೆ ಸಿಹಿ ತಾಕಿತೋ, ಮಾಸ್ಕ್ ಸೋರುತ್ತಿದೆ. ಸುಮ್ಮನೆ ನಿಂತರೆ ಸಾಲದು: ಆಳವಾಗಿ ಉಸಿರೆಳೆಯಬೇಕು, ತಲೆಯನ್ನು ಅತ್ತಿತ್ತ, ಮೇಲೆ ಕೆಳಗೆ ಆಡಿಸಬೇಕು, ಬಗ್ಗಬೇಕು, ಗಟ್ಟಿಯಾಗಿ ಮಾತಾಡಬೇಕು. ಮಾತಾಡಲೆಂದು ಕಾಮನಬಿಲ್ಲಿನ ಬಗೆಗಿನ ಒಂದು ಗದ್ಯವನ್ನು ಓದಿಸುವ ರೂಢಿಯಿದೆ. ದವಡೆ ಆಡಿದಾಗ ಅಂಚು ಜಾರುವುದೇ ಎಂದು ನೋಡಲು. ಯಂತ್ರವಿಟ್ಟು ಕಣ ಎಣಿಸುವ ಪರೀಕ್ಷೆಯೂ ಉಂಟು. ಹೊರಗಿನ ಕಣಗಳು ಒಳಗಿನದಕ್ಕಿಂತ ಕನಿಷ್ಠ ನೂರು ಪಟ್ಟು ಇದ್ದರೆ ಪಾಸು. ಮೈತೂಕ ಎದ್ದು ಕಾಣುವಷ್ಟು ಏರಿಳಿದರೆ, ಹಲ್ಲು ಕೀಳಿಸಿ ಮುಖದ ಆಕಾರ ಬದಲಾದರೆ ಮತ್ತೆ ಪರೀಕ್ಷೆ! ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ದೇಶ ನಮ್ಮದು. ಕ್ಷಯ ಹರಡುವುದೂ ಗಾಳಿಯಿಂದಲೇ. ಆ ವಾರ್ಡುಗಳ ನರ್ಸಮ್ಮಂದಿರಿಗೆ ಈ ಸ್ಯಾಕರಿನ್ ಪರೀಕ್ಷೆ ಸಿಗಲೇಬೇಕು. ಓದಲು ಕನ್ನಡದ್ದೇ ಒಂದು ಗದ್ಯವಿದ್ದರೆ ಇನ್ನೂ ಒಳ್ಳೆಯದು.

ಮುಸುಕು, ತುಂತುರು ಇಲ್ಲದ ನಾವು? ಮಾಸ್ಕ್ ಹಾಕಿ ಎರಡೂ ಅಂಗೈಯಿಂದ ಅದನ್ನು ಅದುಮದೆ ಮುಚ್ಚಿ, ಜೋರಾಗಿ ಉಸಿರು ಬಿಡಿ. ಕಣ್ಣಿನ ಕೆಳಗೋ ಕೆನ್ನೆಯ ಪಕ್ಕದಲ್ಲೋ ಗಾಳಿ ತಾಕಿದರೆ ಅಲ್ಲಿ ಸಂದಿದೆ. ಉಸಿರೆಳೆದಾಗ ಮಾಸ್ಕ್ ಮುಖದ ಕಡೆಗೆ ಸ್ವಲ್ಪ ಕುಗ್ಗಬೇಕು. ಇದನ್ನು ಪ್ರತಿ ಸಲವೂ ಮಾಡಬೇಕು.

ಮಾಸ್ಕಿನೊಳಗೆ ಅತ್ತರಿನ ಪರಿಮಳ ಬಂತೆಂದು ಗಾಬರಿಯಾಗಬೇಡಿ. ವಾಸನೆ ಅನಿಲ, ಅದರ ಅಣುಗಳನ್ನು ಎನ್-95 ತಡೆಯುವುದಿಲ್ಲ. ಅದು ಸೋರಿಕೆಯ ಗುರುತಲ್ಲ.

ಮಾಸ್ಕಿನ ಅಳತೆಗೆ ಯಾರ ಮುಖ ಮಾದರಿ? ಅಮೆರಿಕದಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಮುಖದ ಅಳತೆಗಳು ಬಂದದ್ದು 1960ರ ದಶಕದಲ್ಲಿ ಅಳೆದ ವಾಯುಪಡೆಯ ಸಿಬ್ಬಂದಿಯಿಂದ. 2003ರಲ್ಲಿ ಸುಮಾರು 4,000 ಮಂದಿ ಗಂಡಸರು ಹೆಂಗಸರನ್ನು ಹೊಸದಾಗಿ ಅಳೆದ ಮೇಲೆಯೇ ಅದು ಬದಲಾಯಿತು. ಚಿಕ್ಕ ಮುಖದ ಹೆಂಗಸರಿಗೆ ‘ಎಲ್ಲರಿಗೂ ಒಂದೇ ಅಳತೆ’ಯ ಮಾಸ್ಕ್ ಸಡಿಲವಾಗುವುದು ಅವರ ತಪ್ಪಲ್ಲ. ಬೇರೆ ಅಳತೆ, ಬೇರೆ ಆಕಾರ ಕೇಳಿ ಪಡೆಯಿರಿ.

ಗಡ್ಡದ ಕೂದಲಿನ ದಪ್ಪ ಹಲವು ಹತ್ತು ಮೈಕ್ರಾನ್. ತೇಲುವ ಕಣ ಒಂದೆರಡು ಮೈಕ್ರಾನ್. ಎರಡು ದಿನದ ಕುರುಚಲು ಗಡ್ಡವೂ ಅಂಚನ್ನು ಎತ್ತಿ ಹಿಡಿಯಲು ಸಾಕು. ಹಾಗಾದರೆ ಗಡ್ಡ ತೆಗೆಯುವಂತಿಲ್ಲದ ಸಿಖ್ ವೈದ್ಯರು ಏನು ಮಾಡಬೇಕು? ಇಂಗ್ಲೆಂಡಿನಲ್ಲಿ ಕೆಲವರು ತಮ್ಮ ಸಂಪ್ರದಾಯದಲ್ಲೇ ದಾರಿ ಕಂಡುಕೊಂಡರು. ಗಡ್ಡವನ್ನು ಒಪ್ಪವಾಗಿಡಲು ಕಟ್ಟುವ ‘ಠಾಠಾ’ ಬಟ್ಟೆಯ ಬದಲು ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಗದ್ದದ ಕೆಳಗಿನಿಂದ ಕೆನ್ನೆಯ ಮೇಲೆ ಎಳೆದು ನೆತ್ತಿಯಲ್ಲಿ ಗಂಟು ಹಾಕಿ, ಅದರ ಮೇಲೆ ಮಾಸ್ಕ್ ತೊಟ್ಟರು. ಮಾಸ್ಕಿನ ಅಂಚು ಕೂದಲಿನ ಬದಲು ನುಣ್ಣನೆಯ ರಬ್ಬರಿನ ಮೇಲೆ ಕೂತಿತು. 2020ರಲ್ಲಿ ಈ ವಿಧಾನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಪೂರ್ಣ ಗಡ್ಡವಿದ್ದವರಲ್ಲಿ ಹೆಚ್ಚಿನವರು ಫಿಟ್ ಟೆಸ್ಟಿನಲ್ಲಿ ಪಾಸಾದರು.